ಅಜ್ಜಿಯ ಹರಳೆಣ್ಣೆ

ಸೋದರಮಾವನ ಮೊಣಕಾಲಿಗೆ ಹರಳೆಣ್ಣೆ ತಿಕ್ಕುವಾಗಲೆಲ್ಲ ಆ ಮಧ್ಯಾಹ್ನದ ಹೊಗೆ ನನ್ನ ಮೂಗಿಗೆ ಬಡಿಯುತ್ತದೆ.

ಕೊಟ್ಟೂರಿನ ಒಣಗಿದ ಕೆರೆಯಂಗಳದಲ್ಲಿ ಬೈಕ್ ರೇಸ್ ಇತ್ತು. ಎಂಜಿನ್ ಕಾದು ಬಿಗಿಯದಿರಲೆಂದು ಮಾವ ಎಂದಿನಂತೆ ಪೆಟ್ರೋಲಿಗೆ ಅಜ್ಜಿಯ ಹರಳೆಣ್ಣೆಯನ್ನೇ ಬೆರೆಸಿದ. ಹೊಟ್ಟೆ ತೊಳೆಯಲು ಅಜ್ಜಿ ನನಗೆ ಅದನ್ನೇ ಕುಡಿಸುತ್ತಾಳೆಂದು ಹೆದರಿ, ಹಿಂದಿನ ದಿನವೇ ನಾನು ಬಾಟಲಿಯ ಮುಕ್ಕಾಲು ಭಾಗ ಹಿತ್ತಲಿಗೆ ಸುರಿದು ಶೇಂಗಾ ಎಣ್ಣೆ ತುಂಬಿಟ್ಟಿದ್ದೆ.

ಮೂರನೇ ಸುತ್ತಿನ ತಿರುವಿನಲ್ಲಿ ಎಂಜಿನ್ ಜಾಮ್ ಆಯಿತು. ಮಾವ ಬೈಕಿನಡಿ ಸಿಕ್ಕಿಕೊಂಡ. ಮತ್ತೆಂದೂ ರೇಸಿಗೆ ಇಳಿಯಲಿಲ್ಲ.

"ಎಣ್ಣಿ ಯಾವುದು ಹಾಕಿದ್ದಿ?" ಎಂದರು ಮೆಕ್ಯಾನಿಕ್ ಸಾಬರು.

"ಎಣ್ಣಿಗೆ ಏನೂ ಅನಬ್ಯಾಡ್ರಿ. ನಮ್ಮವ್ವ ಗಾಣದಾಗ ಎದುರಿಗೆ ನಿಂತು ತೆಗೆಸ್ಯಾಳ," ಎಂದ ಮಾವ.

ಆ ವಾರ ಅಜ್ಜಿ ಹೊಸ ಬಾಟಲಿಯಿಂದ ಚಮಚ ತುಂಬಿಸಿ ಹಿಡಿದಳು. ನಾನು ಅಳದೆ ಕುಡಿದೆ. "ಜಾಣಿ ಆಗ್ಯಾಳ ನಮ್ಮ ಹುಡುಗಿ," ಎಂದು ತಲೆ ಸವರಿದಳು.