ಪಡುವಣ ಗೋಡೆ

ಮದುವೆಯಾದಾಗಿನಿಂದ ವೆಂಕೋಬ ಮತ್ತು ಕುಮುದಾ ಇಬ್ಬರಿಗೂ ಒಂದೇ ಹುಚ್ಚು, ಕೋಟೆ ಸುತ್ತುವುದು. ಬರಿಗೈಯಲ್ಲಿ ಹೋಗುವವರಲ್ಲ. ಪ್ರೇಮಿಗಳು ಇದ್ದಿಲಿನಲ್ಲೋ ಸೀಮೆಸುಣ್ಣದಲ್ಲೋ ಗೋಡೆಯ ಮೇಲೆ ಗೀಚಿಹೋದ ಹೆಸರುಗಳನ್ನು ನೀರು, ಬ್ರಷ್ಷು ಹಿಡಿದು ಉಜ್ಜಿ ತೆಗೆಯುತ್ತಿದ್ದರು. ಕಲ್ಲಿನಲ್ಲಿ ಕೆತ್ತಿದ್ದಕ್ಕೆ ಮಾತ್ರ ಕೈ ಹಚ್ಚಬಾರದು ಎಂಬುದು ಅವರೇ ಮಾಡಿಕೊಂಡ ನಿಯಮ. ಉಜ್ಜಿದರೆ ಅದು ಹೋಗುವುದೂ ಇಲ್ಲ.

ಕುಮುದಾಳ ತವರೂರಿನ ಕೋಟೆಗೆ ಪ್ರತಿ ವರ್ಷ ತಪ್ಪದೆ ಹೋಗುತ್ತಿದ್ದರು. ಅಲ್ಲಿ ಪಡುವಣ ಗೋಡೆ ಯಾವಾಗಲೂ ಅವಳ ಪಾಲಿಗೆ. ಈ ಸಲ ಮೆಟ್ಟಿಲು ಹತ್ತುವಷ್ಟರಲ್ಲಿ ಅವಳ ಮಂಡಿ ಹಿಡಿದುಕೊಂಡಿತು.

"ಆ ಕಡೆ ಈ ವರ್ಷ ಬಿಟ್ಟಬಿಡ್ರಿ," ಎಂದಳು.

"ಇಪ್ಪತ್ತು ವರ್ಷದಾಗ ನೀ ಒಮ್ಮೆರೆ ಬಿಟ್ಟೀಯೇನು?" ಎಂದು ವೆಂಕೋಬ ಬಕೆಟ್ ಎತ್ತಿಕೊಂಡು ಹೋದ.

ತಾಸು ಬಿಟ್ಟು ಬಂದವನು ಅವಳ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದ.

"ಮುಗೀತೇನ್ರಿ?"

"ಮುಗೀತು. ಮೂಲ್ಯಾಗ ಒಂದ ಜೋಡಿ ಹೆಸರು ಕೆತ್ತಿದ್ದದ. ಕುಮುದಾ, ಭೀಮಸೇನ."

ಅವಳು ಕೋಟೆಯ ಕೆಳಗಿನ ಹೊಂಡದ ಕಡೆ ಮುಖ ತಿರುಗಿಸಿದಳು.

"ಕಾಲೇಜಿನಾಗ ಇದ್ದಾಗಿಂದು ಅದು. ಅವಾ ಕೆತ್ತಿದ್ದ. ನಿಮ್ಮಾಣಿ, ನನಗ ಮರತೇ ಹೋಗಿತ್ತು."

ವೆಂಕೋಬ ರೊಟ್ಟಿ ಮುರಿದು ಅವಳ ಕೈಗಿಟ್ಟ. ಚಟ್ನಿಪುಡಿಯನ್ನೂ ಹಾಕಿದ.

"ಆ ಗ್ವಾಡಿ ತುಂಬ ಬೆರಳ ದಪ್ಪ ಪಾಚಿ ಅದ," ಎಂದ. "ಆ ಎರಡು ಹೆಸರಿನ ಮ್ಯಾಲ ಮಾತ್ರ ಒಂಚೂರೂ ಇಲ್ಲ."