ಆಯ್ಕೆ ನಿಮ್ಮದು

ಮದುವೆ ಛತ್ರ ಬುಕ್ ಮಾಡುವ ಪುಟ ಅಪ್ಪನ ಹೊಸ ಫೋನಿನಲ್ಲಿ ತೆರೆಯಲೇ ಇಲ್ಲ. ಮಗಳು ಬೇರೆ ಬೇರೆ ಮೂರು ಬ್ರೌಸರ್ ಹಾಕಿಕೊಟ್ಟಳು. ಮೂರರಲ್ಲೂ ಅದೇ ಬಿಳಿ ಪರದೆ.

“ಹೆಸರು, ಬಣ್ಣ ಬೇರೆ ಅಷ್ಟೇ ಅಪ್ಪ. ಈ ಫೋನಲ್ಲಿ ಎಲ್ಲದರ ಒಳಗೂ ಪುಟ ತೆರೆಯೋ ಇಂಜಿನ್ ಒಂದೇ. ಹೊರಗಿಂದು ಬಿಟ್ಕೊಂಡ್ರೆ ಸೇಫಲ್ಲ ಅಂತಾರೆ ಫೋನ್ ಕಂಪನಿಯವರು.”

“ಮತ್ತೆ ನಿಮಗಿಷ್ಟವಾದದ್ದು ಆರಿಸ್ಕೊಳ್ಳಿ ಅನ್ನೋ ನಾಟಕ ಯಾಕೆ? ಶುದ್ಧ ಮೋಸ ಇದು!”

ರೇಗಿದ ಅಪ್ಪ ಫೋನನ್ನು ಪಕ್ಕಕ್ಕಿಟ್ಟು, ಜೇಬಿನಿಂದ ಮೂರು ಫೋಟೊ ತೆಗೆದು ಅವಳ ಮುಂದೆ ಹರಡಿದರು.

“ನಿನ್ನ ಮದುವೆ ವಿಷಯದಲ್ಲಿ ನಾನು ಹಾಗಲ್ಲಮ್ಮ. ಇವರಲ್ಲಿ ನಿನಗೆ ಯಾರು ಇಷ್ಟವೋ ಅವನೇ ಗಂಡು.”

“ಮೂವರೂ ನಮ್ಮ ಗಿರಿಜತ್ತೆ ಮಕ್ಕಳೇ ಅಲ್ವಾ ಅಪ್ಪ?”

“ಮತ್ತೆ? ಹೊರಗಿನವರನ್ನ ಬಿಟ್ಕೊಂಡ್ರೆ ಸೇಫಲ್ಲಮ್ಮ.”