ಮೂರನೆಯ ಹಿಡಿ

ಸತ್ತವರನ್ನು ನೋಡುವುದಕ್ಕೂ ಟಿಕೆಟ್ ತೆಗೆಸಬೇಕಾಯಿತಲ್ಲ ಅಂತ ರೆಹಮತ್‌ಬಿಗೆ ನಗು ಬರಬೇಕಿತ್ತು, ಬರಲಿಲ್ಲ. ಸತ್ತೂರಿನಾಚೆ ಹೊಸದಾಗಿ ತೆರೆದಿದ್ದ ಡೈನೋಸಾರ್ ಮ್ಯೂಸಿಯಮ್ಮಿನ ಮೆಟ್ಟಿಲನ್ನು ಮಗ ಇಕ್ಬಾಲ ಕೈಹಿಡಿದು ಹತ್ತಿಸಿದ. ಮೊಮ್ಮಗಳು ಶಾಯಿಸ್ತಾ ಆಗಲೇ ಒಳಗೆ ಓಡಿದ್ದಳು. ಗಂಡ ಗೌಸಮೊದ್ದೀನ ತೀರಿಕೊಂಡ ಮೇಲೆ ವಿಧವೆ ಹೊರಗೆ ಕಾಲಿಡಬಾರದ ಇದ್ದತ್ತಿನ ದಿನಗಳನ್ನೆಲ್ಲ ಮನೆಯೊಳಗೇ ಕಳೆದು ರೆಹಮತ್‌ಬಿ ಇವತ್ತೇ ಹೊಸ್ತಿಲು ದಾಟಿದ್ದು. ಕಾಲಿಗೆ ನಡಿಗೆಯೇ ಮರೆತುಹೋದಂತಿತ್ತು.

ಗೋಕುಲ ರಸ್ತೆಯ ಮನೆಯಿಂದ ಹೊರಟಾಗಲೇ ಅವಳು ಬಾಯಿಬಿಟ್ಟು ಕೇಳಿದ್ದಳು, ಕಬರಸ್ತಾನದ ಮುಂದೆ ಒಂದು ಗಳಿಗೆ ಗಾಡಿ ನಿಲ್ಲಿಸು, ನಿಮ್ಮ ಅಬ್ಬಾನಿಗೆ ಮೂರು ಹಿಡಿ ಮಣ್ಣು ಹಾಕಿ ಬರುತ್ತೇನೆ ಅಂತ. ನಮ್ಮ ಮನೆಯ ಹೆಂಗಸರು ಅಲ್ಲಿಗೆ ಹೋಗುವುದಿಲ್ಲ, ನಿನಗೆ ಗೊತ್ತಿಲ್ಲದ್ದೇನು ಅಂದಿದ್ದ ಇಕ್ಬಾಲ. ಪಾಪ, ಮೆತ್ತಗೇ ಅಂದಿದ್ದ. ಮೆತ್ತಗೆ ಅಂದದ್ದಕ್ಕೇ ಅವಳಿಗೆ ತಿರುಗಿ ಮಾತಾಡಲು ಆಗಲಿಲ್ಲ. ಹಾಸಿಗೆ ಹಿಡಿದ ಗಂಡನನ್ನು ಹೊರಳಿಸಿದ್ದು, ಒರೆಸಿದ್ದು, ಉಣಿಸಿದ್ದು ಎಲ್ಲ ಅವಳೇ. ಕೊನೆಯ ಮಣ್ಣು ಮಾತ್ರ ಓಣಿಯ ಗಂಡಸರು ಹಾಕಿ ಬಂದರು. ಗುರುತು ಪರಿಚಯ ಇಲ್ಲದವರೂ ಹಾಕಿದರು. ಅವಳು ಬಾಗಿಲ ಪರದೆ ಹಿಡಿದು ನಿಂತೇ ಇದ್ದಳು.

ಒಳಗೆ ಗಾಜಿನ ಪೆಟ್ಟಿಗೆಗಳಲ್ಲಿ ಮೊಟ್ಟೆ, ಹಲ್ಲು, ಆಳೆತ್ತರದ ತೊಡೆಯೆಲುಬು. ಕೋಟಿಗಟ್ಟಲೆ ವರ್ಷ ಮಣ್ಣೊಳಗೆ ಮಲಗಿದ್ದವಂತೆ. ಅವನ್ನು ಎಬ್ಬಿಸಿ ತಂದು ದೀಪ ಹಾಕಿಟ್ಟಿದ್ದರು. ಮಂದಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ರೆಹಮತ್‌ಬಿಗೆ ಸಾಕು ಸಾಕಾಯಿತು. ಕೂರಲು ಒಂದಿಷ್ಟು ಜಾಗ ಹುಡುಕುತ್ತ ಹಿತ್ತಲಿಗೆ ಬಂದಳು.

ಅಲ್ಲಿ ಮಕ್ಕಳಿಗೆಂದು ಅಗೆಯುವ ಗುಂಡಿ ಮಾಡಿದ್ದರು. ಮಣ್ಣಿನಲ್ಲಿ ಪ್ಲಾಸ್ಟರಿನ ಅಸ್ಥಿಪಂಜರ ಹುಗಿದಿರುತ್ತಾರೆ, ಮಕ್ಕಳು ಬ್ರಶ್ಶಿನಿಂದ ಮಣ್ಣು ಸರಿಸಿ ಅದನ್ನು ಹೊರಗೆಡಹಬೇಕು. ಶಾಯಿಸ್ತಾ ಮೊಣಕಾಲೂರಿ ಕೆಲಸ ನಡೆಸಿದ್ದಳು. ಮೊದಲು ಪಕ್ಕೆಲುಬು ಕಂಡವು, ಆಮೇಲೆ ಒಂದು ಮಗ್ಗುಲಿಗೆ ಹೊರಳಿದ ತಲೆ. ರೆಹಮತ್‌ಬಿ ಸೆರಗು ತಲೆಯ ಮೇಲೆ ಎಳೆದುಕೊಂಡು ಗುಂಡಿಗೆ ಇಳಿದಳು. ಒಂದು ಹಿಡಿ ಮಣ್ಣೆತ್ತಿ ಆ ಎಲುಬಿನ ಮೇಲೆ ಹಾಕಿದಳು. ಇನ್ನೊಂದು ಹಿಡಿ ಹಾಕಿದಳು. ತುಟಿ ಏನನ್ನೋ ಓದುತ್ತಿದ್ದವು.

"ದಾದಿ, ನಾ ಈಗರ ತಗದೇನಿ," ಅಂತ ಶಾಯಿಸ್ತಾ ಅಳುಮೋರೆ ಮಾಡಿದಳು.

ಇಕ್ಬಾಲ ಓಡಿ ಬಂದ. ಮಂದಿಯೆಲ್ಲ ನೋಡುತ್ತಿದ್ದರು. "ಅಮ್ಮಿ, ಏನ್ ಮಾಡಾಕತ್ತಿ? ಅದು ಪ್ಲಾಸ್ಟರಿಂದು. ಮ್ಯಾಲ ಬಾ."

ಗುಂಡಿ ನೋಡಿಕೊಳ್ಳುವ ಚನ್ನಬಸವ್ವ ಸಲಿಕೆ ಹಿಡಿದು ಬಂದಳು. "ಇರ್ಲಿ ಬಿಡ್ರಿ ಅಣ್ಣಾರ. ಹೆಂಗೂ ಸಂಜಿಮುಂದ ಮುಚ್ಚಬೇಕು. ದಿನಾ ನಾನ ಮಣ್ಣ ಹಾಕ್ತೇನಿ."

ರೆಹಮತ್‌ಬಿ ಅವಳನ್ನೇ ನೋಡಿದಳು. "ನಿಮಗ ದಿನಾ ಸಿಗತೈತಿ ನೋಡ್ರಿ," ಅಂದಳು, ಸೋತ ದನಿಯಲ್ಲಿ. "ನನಗ ಒಮ್ಮೆನೂ ಸಿಗಲಿಲ್ಲ."

ಚನ್ನಬಸವ್ವನಿಗೆ ಏನೂ ತಿಳಿಯಲಿಲ್ಲ. ಇಕ್ಬಾಲನಿಗೆ ತಿಳಿಯಿತು, ಅವನ ಕಣ್ಣು ತುಂಬಿತು. ತಾಯಿಯ ಮುಷ್ಟಿಯಲ್ಲಿ ಮೂರನೆಯ ಹಿಡಿ ಹಾಗೇ ಇತ್ತು. ಅವನು ಕಿಸೆಯಿಂದ ಕರವಸ್ತ್ರ ತೆಗೆದು ಹಾಸಿದ.

"ಇದರಾಗ ಹಾಕ ಅಮ್ಮಿ. ಹೋಗೂ ಮುಂದ ನಿನ್ನ ಹೆಸರಲೆ ನಾ ಅಬ್ಬಾಗ ಹಾಕಿ ಬರ್ತೇನಿ."

ಅವಳು ಮುಷ್ಟಿ ಬಿಡಲಿಲ್ಲ. ಇನ್ನೊಂದು ಕೈಯಿಂದ ಸೆರಗು ಸರಿಮಾಡಿಕೊಂಡು ಗಾಡಿ ಹತ್ತಿದಳು. ದಾರಿಯುದ್ದಕ್ಕೂ ಶಾಯಿಸ್ತಾ ಮುಂದೆ ಅಪ್ಪನ ಪಕ್ಕ ಕೂತು ಡೈನೋಸಾರಿನ ಮಾತಾಡಿದಳು.

ಕಬರಸ್ತಾನದ ಗೇಟಿನ ಮುಂದೆ ಇಕ್ಬಾಲ ಗಾಡಿ ನಿಲ್ಲಿಸಿದ. ಮಣ್ಣು ತೆಗೆದುಕೊಳ್ಳಲು ಕರವಸ್ತ್ರ ಹಿಡಿದ ಕೈಯನ್ನು ಹಿಂದಕ್ಕೆ ಚಾಚಿ, ಅದರಲ್ಲಿ ಮಣ್ಣು ಬೀಳದ್ದಕ್ಕೆ ತಿರುಗಿ ನೋಡಿದ. ಹಿಂದಿನ ಸೀಟು ಖಾಲಿಯಿತ್ತು, ಗೇಟಿನ ಕಡೆಯ ಬಾಗಿಲು ತೆರೆದೇ ಇತ್ತು.